ಪದಚರ್ಚೆ: ಕಣ್ಣೊಳಗಿನ ಬೆಳಕಿನ ಚುಕ್ಕೆಗೆ ಏನೆನ್ನೋಣ?

ಗೆಳೆಯರೇ, ನಮಸ್ಕಾರ.

ಟ್ಯಾಬ್ಲೆಟ್‌ನಲ್ಲಿ ಅನಿಮೆ (ಜಪಾನಿನ ಅನಿಮೇಷನ್ ಚಿತ್ರಗಳ) ಶೈಲಿಯ ಕಣ್ಣು ಬರೆಯುವುದನ್ನು ಹೊಸಬರಿಗೆ ಹೇಳಿಕೊಡುವ ಪಾಠವೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಲೇಯರ್ (ಒಂದರ ಮೇಲೊಂದು ಇಟ್ಟು ಬರೆಯುವ ಪಾರದರ್ಶಕ ಹಾಳೆಯಂಥದ್ದು), ಬ್ರಷ್, ಅಂಡೂ (ಮಾಡಿದ್ದನ್ನು ರದ್ದು ಮಾಡುವುದು) ಇವಕ್ಕೆ ಹೊಸ ಪದ ಹುಡುಕಿಲ್ಲ. ಎಲ್ಲರೂ ಅನ್ನುವುದೇ ಹಾಗೆ, ಹಾಗೇ ಇರಲಿ. (ಲೇಯರ್‌ಗೆ ‘ಪೊರೆ’ ಚೆನ್ನಾಗಿರುತ್ತದೆ ಅಂತ ಒಬ್ಬರು ಹೇಳಿದ್ದರು. ಬೇರೆ ಚಿತ್ರಕ್ಕೆ ಸರಿ. ಕಣ್ಣಿನ ಪಾಠದಲ್ಲಿ ‘ಮೇಲೊಂದು ಪೊರೆ ಸೇರಿಸಿ’ ಅಂದರೆ ಕಾಯಿಲೆಯ ಅರ್ಥವೇ ಮೊದಲು ಬರುತ್ತದೆ.) ನಾನು ಸಿಕ್ಕಿಕೊಂಡಿರುವುದು ಕಣ್ಣಿನ ಭಾಗಗಳ ಹೆಸರಿನಲ್ಲಿ. ಅದರಲ್ಲೂ ಒಂದು ಪುಟ್ಟ ಬಿಳಿ ಚುಕ್ಕೆಯ ಹೆಸರಿನಲ್ಲಿ.

ಅನಿಮೆ ಕಣ್ಣಿನ ಬಣ್ಣದ ಭಾಗದಲ್ಲಿ, ಸಾಮಾನ್ಯವಾಗಿ ಮೇಲಿನ ಒಂದು ಮೂಲೆಯಲ್ಲಿ, ಅಚ್ಚ ಬಿಳಿಯ ಚುಕ್ಕೆ ಇರುತ್ತದಲ್ಲ, ಅದು. ಹೈಲೈಟ್ ಅನ್ನುತ್ತಾರೆ. ಎದುರಿನ ಬೆಳಕು ಒದ್ದೆ ಕಣ್ಣಿನ ಮೇಲೆ ಬಿದ್ದು ಕಾಣುವ ಪ್ರತಿಬಿಂಬ ಅದು. ಅದೊಂದನ್ನು ಅಳಿಸಿ ನೋಡಿ. ಗೆರೆ ಅದೇ, ಬಣ್ಣ ಅದೇ, ಆದರೆ ಆ ಪಾತ್ರ ಮನಸ್ಸು ಮುರಿದು ಕೂತ ಹಾಗೆ ಕಾಣುತ್ತದೆ. ಪಾತ್ರ ಯಾರದೋ ವಶಕ್ಕೆ ಹೋಗಿದೆ, ಆಸೆ ಬಿಟ್ಟಿದೆ ಅಂತ ತೋರಿಸಲು ಅನಿಮೆ ಮಾಡುವವರು ಬೇಕಂತಲೇ ಆ ಚುಕ್ಕೆ ತೆಗೆಯುತ್ತಾರೆ. ಇಷ್ಟು ಕೆಲಸ ಮಾಡುವ ಚುಕ್ಕೆಗೆ ಒಂದು ಒಳ್ಳೆ ಹೆಸರು ಬೇಕು ಅಲ್ವಾ?

ಮೊದಲು ‘ಹೊಳಪು’ ಅಂತ ಬರೆದೆ. ಕರಡನ್ನು ಓದಿ ಕಣ್ಣು ಬರೆದ ಹುಡುಗಿಯೊಬ್ಬಳು ‘ಹೊಳಪು ಹಾಕಿ’ ಅನ್ನುವ ಕಡೆ ಮೆದು ಬ್ರಷ್ ತೆಗೆದುಕೊಂಡು ಬಣ್ಣದ ಭಾಗದ ತುಂಬಾ ತೆಳುವಾಗಿ ಬಿಳಿ ಸವರಿದ್ದಳು. ನೀಲಿ ಕಣ್ಣು ಹಾಲು ಕದಡಿದ ನೀರಿನಂತಾಗಿತ್ತು. ತಪ್ಪು ಅವಳದಲ್ಲ, ನನ್ನ ಪದದ್ದು. ಹೊಳಪು ಅಂದರೆ ಎಲ್ಲ ಕಡೆ ಹರಡಿರುವ ಗುಣ. ಇಲ್ಲಿ ಬೇಕಾದದ್ದು ಅಂಚು ಗಟ್ಟಿಯಾಗಿರುವ ಒಂದು ಚುಕ್ಕೆ. ‘ಮಿಂಚು’ ಅನ್ನೋಣವೇ ಅಂದರೆ ಅದು ಬಂದು ಹೋಗುವಂಥದ್ದು, ಇದು ನಿಂತಿರುವಂಥದ್ದು.

ಆಮೇಲೆ ಹೊಳೆದದ್ದು ‘ಕಳೆ’. ಮುಖದಲ್ಲಿ ಕಳೆ ಇಲ್ಲ, ಕಣ್ಣು ಕಳೆಗುಂದಿದೆ, ಈಗ ಸ್ವಲ್ಪ ಕಳೆ ಬಂತು ಅಂತ ದಿನಾ ಅನ್ನುತ್ತೇವೆ. ಚುಕ್ಕೆ ಅಳಿಸಿದರೆ ಆಗುವುದು ಅದೇ ತಾನೇ, ಕಣ್ಣು ಕಳೆಗುಂದುತ್ತದೆ. ಪದ ಸಿಕ್ಕಿತು ಅಂತ ತುಂಬಾ ಖುಷಿಯಾಯಿತು. ಆದರೆ ಪಾಠದಲ್ಲಿ ಬಳಸಿದಾಗ ತೊಡಕು ಕಂಡಿತು. ‘ಕಳೆ ತೆಗೆಯಿರಿ’ ಅಂದರೆ ಹೊಲದ ಕೆಲಸ. ‘ಕಳೆ’ ಅಂತ ಬರೀ ಬರೆದರೆ ಲೆಕ್ಕದಲ್ಲಿ ಕಳೆಯುವುದು. ಹಾಗಾಗಿ ಈಗ ‘ಕಳೆಚುಕ್ಕೆ’ ಅಂತ ಮಾಡಿಕೊಂಡಿದ್ದೇನೆ. ‘ಕಳೆಚುಕ್ಕೆಯನ್ನು ಎಲ್ಲಕ್ಕಿಂತ ಮೇಲಿನ, ಬೇರೆಯದೇ ಲೇಯರ್‌ನಲ್ಲಿ ಇಡಿ’ ಅಂದರೆ ನಿಮಗೆ ತಟ್ಟನೆ ಅರ್ಥವಾಗುತ್ತದೆಯೇ? ಇದೇ ನನ್ನ ಮುಖ್ಯ ಪ್ರಶ್ನೆ.

ಬೇರೆ ಲೇಯರ್ ಅನ್ನುವುದಕ್ಕೆ ಕಾರಣ ಇದೆ. ಹೊಸಬರು ಒಂದು ಕಣ್ಣು ಬರೆದು, ನಕಲು ಮಾಡಿ, ಎಡಬಲ ತಿರುಗಿಸಿ ಇನ್ನೊಂದು ಕಣ್ಣು ಮಾಡಿಕೊಳ್ಳುತ್ತಾರೆ. ಮಾಡಲಿ, ತಪ್ಪಿಲ್ಲ. ಆದರೆ ಚುಕ್ಕೆಯೂ ಜೊತೆಗೇ ತಿರುಗಿಬಿಡುತ್ತದೆ. ಬೆಳಕು ಒಂದೇ ಕಡೆಯಿಂದ ಬರುತ್ತಿದ್ದರೂ ಒಂದು ಕಣ್ಣಿನ ಚುಕ್ಕೆ ಎಡಕ್ಕೆ, ಇನ್ನೊಂದರದು ಬಲಕ್ಕೆ. ನೋಟ ಎಲ್ಲಿಗೂ ನೆಡುವುದಿಲ್ಲ. ಏನೋ ಸರಿಯಿಲ್ಲ ಅನಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಚುಕ್ಕೆ ಬೇರೆ ಲೇಯರ್‌ನಲ್ಲಿದ್ದರೆ ಎರಡೂ ಕಣ್ಣಿಗೆ ಒಂದೇ ಬದಿಯಲ್ಲಿ ಇಡಬಹುದು.

ಎರಡನೆಯ ಪ್ರಶ್ನೆ ‘ಪಾಪೆ’ಯದು. ನಡುವಿನ ಕಪ್ಪು ವೃತ್ತ ಪಾಪೆ, ಅದರಲ್ಲಿ ಗೊಂದಲವಿಲ್ಲ. ಅದರ ಸುತ್ತಲಿನ ಬಣ್ಣದ ಭಾಗ, ಐರಿಸ್, ಅದಕ್ಕೇನು? ಅನಿಮೆ ಕಣ್ಣಿನಲ್ಲಿ ಜಾಸ್ತಿ ಕೆಲಸ ಇರುವುದೇ ಅಲ್ಲಿ. ಮೇಲಿನ ರೆಪ್ಪೆಯ ನೆರಳು ಬೀಳುವುದರಿಂದ ಮೇಲೆ ಗಾಢ, ಕೆಳಕ್ಕೆ ಬಂದಂತೆ ತಿಳಿ. ‘ಆಲಿ’ ಅನ್ನೋಣ ಅಂದುಕೊಂಡೆ. ಆದರೆ ‘ಕಣ್ಣಾಲಿ ತುಂಬಿ ಬಂತು’ ಅನ್ನುವಾಗ ಆಲಿ ಅಂದರೆ ಇಡೀ ಗುಡ್ಡೆ. ಸದ್ಯಕ್ಕೆ ‘ಬಣ್ಣದ ಬಳೆ’ ಅಂತ ಬರೆದಿದ್ದೇನೆ. ನಡುವೆ ಪಾಪೆ, ಸುತ್ತ ಬಳೆ. ಆಕಾರವೂ ಪದದಲ್ಲೇ ಬರುತ್ತದೆ.

ಪಾಪೆಯ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಪಾಪೆಗೆ ಬೊಂಬೆ ಅನ್ನುವ ಅರ್ಥವೂ ಇದೆ. ತಮಿಳಿನ ‘ಪಾವೈ’ಗೂ ಬೊಂಬೆ, ಕಣ್ಣಿನ ಪಾಪೆ ಎರಡೂ ಅರ್ಥ. ಲ್ಯಾಟಿನ್‌ನ ‘ಪ್ಯೂಪಿಲ್ಲಾ’ ಅಂದರೂ ಪುಟ್ಟ ಬೊಂಬೆ. ಯಾರದಾದರೂ ಕಣ್ಣನ್ನು ಹತ್ತಿರದಿಂದ ನೋಡಿದರೆ ಕಪ್ಪಿನೊಳಗೆ ನಾವೇ ಬೊಂಬೆಯಷ್ಟು ಚಿಕ್ಕದಾಗಿ ಕಾಣುತ್ತೇವೆ, ಅದಕ್ಕೇ. ಇನ್ನು ಜಪಾನಿ ಭಾಷೆಯ ‘ಹಿತೊಮಿ’. ಅದನ್ನು ಬರೆಯುವ ಲಿಪಿಚಿಹ್ನೆಯಲ್ಲಿ ಎಡಕ್ಕೆ ಕಣ್ಣು, ಬಲಕ್ಕೆ ಮಗು! ಅಲ್ಲಿನ ಚಿತ್ರಗಾರರು ಪಾಪೆ, ಬಳೆ ಎರಡನ್ನೂ ಸೇರಿಸಿ ಹಿತೊಮಿ ಅನ್ನುವುದುಂಟು. ನಾವೂ ‘ಪಾಪೆ’ಯನ್ನು ಅಷ್ಟು ಅಗಲಿಸಬಹುದೇ? ನನಗೆ ಬೇಡ ಅನಿಸುತ್ತದೆ. ಹೆದರಿದ ಕಣ್ಣು ಬರೆಯುವಾಗ ಎರಡನ್ನೂ ಕಿರಿದು ಮಾಡಿ ಸುತ್ತ ಬಿಳಿ ಬಿಡಬೇಕು. ಮೆಚ್ಚಿ ನೋಡುವ ಕಣ್ಣಾದರೆ ಬಳೆಯೊಳಗೆ ಪಾಪೆ ಮಾತ್ರ ಹಿಗ್ಗಬೇಕು. ಎರಡಕ್ಕೂ ಒಂದೇ ಹೆಸರಿದ್ದರೆ ಇದನ್ನು ಹೇಳುವುದು ಹೇಗೆ?

‘ರೆಪ್ಪೆ’ಯೂ ತೊಂದರೆ ಕೊಡುತ್ತದೆ. ಚರ್ಮವೂ ರೆಪ್ಪೆ, ಕೂದಲೂ ರೆಪ್ಪೆ. ‘ಎವೆ’ಯೂ ಹಾಗೇ. ‘ರೆಪ್ಪೆಗೂದಲು’ ಅಂದರೆ ಹೊಸಬರು ಒಂದೊಂದೇ ಕೂದಲು ಎಳೆಯಲು ಶುರುಮಾಡುತ್ತಾರೆ, ಅನಿಮೆಯಲ್ಲಿ ಅವೆಲ್ಲ ಸೇರಿ ಒಂದು ದಪ್ಪ ಗೆರೆ. ಅದಕ್ಕೆ ‘ಮೇಲ್ಗೆರೆ’ ಅಂದಿದ್ದೇನೆ. ಸಾಕು ಅನಿಸಿದೆ.

ಭಾವಗಳ ವಿಷಯಕ್ಕೆ ಬಂದಾಗ ಮಾತ್ರ ಕನ್ನಡ ಎಷ್ಟು ಕೊಡುತ್ತದೆ! ‘ಕಣ್ಣರಳಿಸಿ’ ಅಂದರೆ ಸಾಕು, ಮೇಲ್ಗೆರೆ ತಾನಾಗಿ ಮೇಲೆ ಹೋಗುತ್ತದೆ. ‘ಕೆಕ್ಕರಿಸಿ’ ಅಂದರೆ ಹುಬ್ಬು ಇಳಿಯುತ್ತದೆ, ಪಾಪೆ ಚಿಕ್ಕದಾಗುತ್ತದೆ. ‘ಪಿಳಿಪಿಳಿ’ ಅಂದರೆ ದೊಡ್ಡ ಕಣ್ಣು, ಮೇಲಕ್ಕೆತ್ತಿದ ಹುಬ್ಬು, ಏನೂ ತಿಳಿಯದ ನೋಟ. ಭಾವಗಳ ಪಾಠವನ್ನು ಇಂಥ ಪದಗಳ ಮೇಲೆಯೇ ಕಟ್ಟುತ್ತಿದ್ದೇನೆ. ಕಣ್ಣಿನ ಆಕಾರಗಳಿಗೂ ನಮ್ಮ ‘-ಗಣ್ಣು’ ಚೆನ್ನಾಗಿ ಒಗ್ಗುತ್ತದೆ. ಹೊರತುದಿ ಮೇಲಕ್ಕೆ ಏರಿರುವ ಕಣ್ಣಿಗೆ ಜಪಾನಿಯಲ್ಲಿ ‘ತ್ಸುರಿಮೆ’, ಕೆಳಕ್ಕೆ ಇಳಿದಿರುವುದಕ್ಕೆ ‘ತಾರೆಮೆ’ ಅನ್ನುತ್ತಾರೆ. ‘ಮೆ’ ಅಂದರೆ ಕಣ್ಣು. ನಾನು ‘ಏರುಗಣ್ಣು’, ‘ಇಳಿಗಣ್ಣು’ ಅಂತ ಬರೆದಿದ್ದೇನೆ.

ಉಳಿದಿರುವುದು ‘ಜಿತೊಮೆ’. ಮೇಲ್ಗೆರೆ ನೇರವಾಗಿ, ಚಪ್ಪಟೆಯಾಗಿ, ಪಾಪೆಯ ಅರ್ಧಕ್ಕೆ ಬಂದು ನಿಂತಿರುತ್ತದೆ. ಎದುರಿನವರ ಮಾತು ನಂಬಿಲ್ಲ, ಸಾಕಾಗಿದೆ ಅನ್ನುವ ನೋಟ. ‘ಅರೆಗಣ್ಣು’ ಅಂದರೆ ನಿದ್ದೆಯೋ ಧ್ಯಾನವೋ ಆಗುತ್ತದೆ. ‘ಓರೆಗಣ್ಣು’ ಅಂದರೆ ಪಕ್ಕಕ್ಕೆ ನೋಡಿದಂತೆ, ಇದು ನೆಟ್ಟಗೆ ಎದುರಿಗೇ ನೋಡುವಂಥದ್ದು. ನಿಮ್ಮ ಮನೆಮಾತಿನಲ್ಲಿ ಈ ನೋಟಕ್ಕೆ ಒಂದು ಪದ ಇದ್ದರೆ ದಯವಿಟ್ಟು ತಿಳಿಸಿ. ‘ಕಳೆಚುಕ್ಕೆ’ಯ ಬಗ್ಗೆಯೂ, ಬೇಡ ಅನಿಸಿದರೆ ಬೇಡ ಅಂತಲೇ ಬರೆಯಿರಿ.