ಟಾರ್ಗೆಟ್ ಎಸ್‌ಡಿಕೆ 35ಕ್ಕೆ ಏರಿಸಿದ ಮೇಲೆ ಆ್ಯಪ್ ಒಳಗಿನ ಎಫ್‌ಎಫ್‌ಎಂಪೆಗ್ ಓಡ್ತಿಲ್ಲ: ಪರ್ಮಿಷನ್ ಡಿನೈಡ್

ಪ್ರಶ್ನೆ | ಅರೆಬರೆ_ಕೋಡು

ಆಂಡ್ರಾಯ್ಡ್‌ನಲ್ಲಿ ವಿಡಿಯೊ ಗಾತ್ರ ಇಳಿಸುವ ಆ್ಯಪ್. ವಿಡಿಯೊ ಪರಿವರ್ತಿಸೋ ಎಫ್‌ಎಫ್‌ಎಂಪೆಗ್ ಪ್ರೋಗ್ರಾಂನ ಬೈನರಿ (ಓಡಿಸಬಲ್ಲ ಫೈಲ್) ಅಸೆಟ್ಸ್ ಫೋಲ್ಡರಿನಲ್ಲಿದೆ. ಮೊದಲ ಸಲ ತೆರೆದಾಗ ಅದನ್ನು ಆ್ಯಪಿನ ಫೈಲ್ಸ್ ಡೈರೆಕ್ಟರಿಗೆ ಕಾಪಿ ಮಾಡಿ, ಎಕ್ಸಿಕ್ಯೂಟ್ ಬಿಟ್ ಹಾಕಿ, ಪ್ರೊಸೆಸ್‌ಬಿಲ್ಡರ್‌ನಿಂದ ಓಡಿಸುತ್ತೆ. ಟಾರ್ಗೆಟ್ ಎಸ್‌ಡಿಕೆ (ಆ್ಯಪ್ ಯಾವ ಆಂಡ್ರಾಯ್ಡ್ ಆವೃತ್ತಿಯ ನಿಯಮಕ್ಕೆ ಒಗ್ಗಿದೆ ಅಂತ ಹೇಳೋ ಸಂಖ್ಯೆ) 28 ಇರೋವರೆಗೆ ಸಮಸ್ಯೆ ಇರಲಿಲ್ಲ. 35ಕ್ಕೆ ಏರಿಸಿದರೆ ಅದೇ ಫೋನಿನಲ್ಲಿ, ಅದೇ ಬೈನರಿಗೆ "ಎರರ್=13, ಪರ್ಮಿಷನ್ ಡಿನೈಡ್". ವಿಚಿತ್ರ ಅಂದರೆ ಕಂಪ್ಯೂಟರಿನಿಂದ ಎಡಿಬಿ ಶೆಲ್‌ನಲ್ಲಿ ರನ್-ಆ್ಯಸ್ (ಆ್ಯಪಿನ ಹೆಸರಿನಲ್ಲಿ ಕಮಾಂಡ್ ಓಡಿಸೋದು) ಕೊಟ್ಟು ಅದೇ ಫೈಲ್ ಓಡಿಸಿದರೆ ಓಡುತ್ತೆ! ಮ್ಯಾನಿಫೆಸ್ಟ್‌ನಲ್ಲಿ ಇದಕ್ಕೆ ಯಾವುದಾದರೂ ಪರ್ಮಿಷನ್ ಕೇಳಬೇಕಾ? ಓಪನ್ ಸೋರ್ಸ್ ಓಎಸ್ ಅಂತಾರೆ, ನನ್ನ ಆ್ಯಪಿನ ಫೈಲನ್ನು ನನ್ನ ಆ್ಯಪೇ ಓಡಿಸಬಾರದಾ?

ಉತ್ತರ | ಕರ್ನಲ್_ಕಟ್ಟೆ

ಕೇಳಿ ಪಡೆಯೋ ಪರ್ಮಿಷನ್ ಇದಕ್ಕಿಲ್ಲ. ತಡೀತಿರೋದು ಎಸ್‌ಇಲಿನಕ್ಸ್, ಅಂದರೆ ಯಾವ ಪ್ರೋಗ್ರಾಂ ಯಾವ ಫೈಲಿಗೆ ಏನು ಮಾಡಬಹುದು ಅಂತ ಕರ್ನಲ್ ಮಟ್ಟದಲ್ಲಿ ಕಾಯೋ ವ್ಯವಸ್ಥೆ. ಲಾಗ್‌ಕ್ಯಾಟ್‌ನಲ್ಲಿ (ಫೋನಿನ ಲಾಗ್) "ಎವಿಸಿ: ಡಿನೈಡ್" ಅಂತ ಹುಡುಕಿ. ಆ ಸಾಲಿನಲ್ಲಿ ಎಕ್ಸಿಕ್ಯೂಟ್_ನೋ_ಟ್ರಾನ್ಸ್ ಅಂತಿದ್ದು, ಟಾರ್ಗೆಟ್ ಲೇಬಲ್ ಆ್ಯಪ್_ಡೇಟಾ_ಫೈಲ್ ಆಗಿದ್ದರೆ ಇದೇ ಕೇಸು. ಈ ಹಂತದಲ್ಲಿ ಸಿಎಚ್‌ಮಾಡ್ 777 ಕೊಟ್ಟರೂ ಪ್ರಯೋಜನ ಇಲ್ಲ.

ಆಂಡ್ರಾಯ್ಡ್ 10ರಲ್ಲಿ (ಎಸ್‌ಡಿಕೆ 29) ಬಂದ ನಿಯಮ ಇದು: ಆ್ಯಪ್ ತಾನೇ ಬರೆಯಬಲ್ಲ ಜಾಗದಿಂದ ಪ್ರೋಗ್ರಾಂ ಓಡಿಸುವಂತಿಲ್ಲ. ಆ್ಯಪಿನಲ್ಲಿ ಒಂದು ತೂತು ಸಿಕ್ಕಿ ಯಾರೋ ಅಲ್ಲಿಗೆ ಫೈಲ್ ಬರೆಸಿದರೆ, ಅದು ಸಹಿ ಆಗಿರೋ ಎಪಿಕೆ (ಆ್ಯಪಿನ ಇನ್‌ಸ್ಟಾಲ್ ಫೈಲ್) ಒಳಗಿನ ಕೋಡ್ ಅಲ್ಲ ಅನ್ನೋದು ವ್ಯವಸ್ಥೆಗೆ ಗೊತ್ತಾಗೋಕೆ ದಾರಿ ಇರಲ್ಲ. ಹಳೇ ಆ್ಯಪ್‌ಗಳು ಮುರಿಯಬಾರದು ಅಂತ ಟಾರ್ಗೆಟ್ 28 ಮತ್ತು ಅದಕ್ಕಿಂತ ಕೆಳಗಿನವನ್ನು ಬೇರೆ ಡೊಮೈನ್‌ನಲ್ಲಿ, ಅಂದರೆ ಬೇರೆ ಎಸ್‌ಇಲಿನಕ್ಸ್ ನಿಯಮಗಳಡಿ, ಓಡಿಸ್ತಾರೆ (26–28ಕ್ಕೆ ಅನ್‌ಟ್ರಸ್ಟೆಡ್_ಆ್ಯಪ್_27), ಅಲ್ಲಿ ಇದಕ್ಕೆ ಅನುಮತಿ ಇದೆ. ಅದಕ್ಕೇ ಒಂದೇ ಫೋನಿನಲ್ಲಿ ನಿಮಗೆ ಎರಡು ನಡವಳಿಕೆ. ರನ್-ಆ್ಯಸ್‌ಗೂ ಅದರದ್ದೇ ಡೊಮೈನ್ ಇದೆ, ಡೀಬಗ್ ಮಾಡೋರಿಗೆ ಅಂತ ಅಲ್ಲಿ ಬಾಗಿಲು ತೆಗೆದಿಟ್ಟಿದ್ದಾರೆ. ಹಾಗಾಗಿ ರನ್-ಆ್ಯಸ್‌ನಲ್ಲಿ ಓಡಿತು ಅನ್ನೋದನ್ನ ಪುರಾವೆ ಅಂತ ನಂಬಬೇಡಿ.

ಉತ್ತರ | ಗ್ರೇಡಲ್_ಗುರುಗುಟ್ಟು

ಪರಿಹಾರ ಸಣ್ಣದು, ಎಡವೋ ಜಾಗಗಳೇ ಜಾಸ್ತಿ.

ಬೈನರಿಯನ್ನು ಅಸೆಟ್ಸ್‌ನಿಂದ ತೆಗೆದು ಜೆಎನ್‌ಐಲಿಬ್ಸ್ (ನೇಟಿವ್ ಲೈಬ್ರರಿಗಳ ಫೋಲ್ಡರ್) ಕೆಳಗೆ ಆಯಾ ಎಬಿಐ (ಪ್ರೊಸೆಸರ್ ಬಗೆ) ಫೋಲ್ಡರಿಗೆ ಹಾಕಿ. 64 ಬಿಟ್ ಎಆರ್‌ಎಂ ಅಂತೂ ಇರಲೇಬೇಕು. ಹೆಸರು ಲಿಬ್‌ನಿಂದ ಶುರುವಾಗಿ ಡಾಟ್ ಎಸ್‌ಒನಲ್ಲಿ ಮುಗಿಯಬೇಕು, ಅದು ಲೈಬ್ರರಿ ಅಲ್ಲದಿದ್ದರೂ ಸರಿ. ಬೇರೆ ಹೆಸರಿಟ್ಟರೆ ರಿಲೀಸ್ ಬಿಲ್ಡ್‌ನಲ್ಲಿ ಇನ್‌ಸ್ಟಾಲರ್ ಅದನ್ನು ಹೊರಗೆ ತೆಗೆಯೋದೇ ಇಲ್ಲ.

ಆಮೇಲೆ ಬಿಲ್ಡ್ ಸಾಧನ ಗ್ರೇಡಲ್‌ನ ಪ್ಯಾಕೇಜಿಂಗ್ ಬ್ಲಾಕಿನಲ್ಲಿ, ಜೆಎನ್‌ಐಲಿಬ್ಸ್ ಕೆಳಗೆ ಯೂಸ್‌ಲೆಗಸಿಪ್ಯಾಕೇಜಿಂಗ್ ಟ್ರೂ ಮಾಡಿ. ಬಹುತೇಕರು ಬಿಡೋದು ಇದನ್ನೇ. ಮಿನ್ ಎಸ್‌ಡಿಕೆ 23 ಅಥವಾ ಮೇಲಿದ್ದರೆ ಈಗಿನ ಪ್ಲಗಿನ್ ಲೈಬ್ರರಿಗಳನ್ನು ಎಪಿಕೆ ಒಳಗೇ ಬಿಟ್ಟು ಅಲ್ಲಿಂದಲೇ ಮ್ಯಾಪ್ ಮಾಡಿಸುತ್ತೆ. ಲೈಬ್ರರಿಗೆ ಅದು ಸಾಕು, ಪ್ರೋಗ್ರಾಂ ಓಡಿಸೋಕೆ ಡಿಸ್ಕ್ ಮೇಲೆ ನಿಜವಾದ ಫೈಲ್ ಬೇಕು. ಈಗ "ಪರ್ಮಿಷನ್ ಡಿನೈಡ್" ಹೋಗಿ "ಎರರ್=2, ನೋ ಸಚ್ ಫೈಲ್" ಬಂದರೆ ಈ ಸೆಟ್ಟಿಂಗ್ ನೋಡಿ.

ಓಡಿಸುವಾಗ ದಾರಿಯನ್ನು ಅಪ್ಲಿಕೇಶನ್‌ಇನ್ಫೊದ ನೇಟಿವ್‌ಲೈಬ್ರರಿಡಿರ್‌ನಿಂದ ಪ್ರತಿ ಸಲ ಕೇಳಿ ತಗೊಳ್ಳಿ. ಅದರಲ್ಲಿ ರ‍್ಯಾಂಡಮ್ ಅಕ್ಷರಗಳಿರ್ತವೆ, ಅಪ್‌ಡೇಟ್ ಆದಾಗ ಬದಲಾಗುತ್ತೆ. ಶೇರ್ಡ್‌ಪ್ರಿಫರೆನ್ಸಸ್‌ನಲ್ಲಿ ಉಳಿಸಿಟ್ಟರೆ ಮುಂದಿನ ಅಪ್‌ಡೇಟ್ ದಿನವೇ ಕ್ರ್ಯಾಶ್ ರಿಪೋರ್ಟ್ ಸಾಲುಗಟ್ಟುತ್ತೆ.

ಇನ್ನೊಂದು: ಹೆಸರು ಡಾಟ್ ಎಸ್‌ಒ ಆದ ಮೇಲೆ 16 ಕೆಬಿ ಮೆಮೊರಿ ಪೇಜ್ ಬಳಸೋ ಫೋನಿಗೆ ಹೊಂದುತ್ತಾ ಅನ್ನೋ ಪ್ಲೇ ಸ್ಟೋರಿನ ಪರೀಕ್ಷೆಗೂ ಅದು ಸಿಗುತ್ತೆ. ಎನ್‌ಡಿಕೆ (ನೇಟಿವ್ ಕೋಡ್ ಬಿಲ್ಡ್ ಮಾಡೋ ಕಿಟ್) ಆರ್28ರಲ್ಲಿ ಬಿಲ್ಡ್ ಮಾಡಿದ್ದರೆ ತಾನಾಗೇ ಸರಿ ಇರುತ್ತೆ. ಹಳೇದಾದರೆ ಲಿಂಕರ್‌ಗೆ ಮ್ಯಾಕ್ಸ್-ಪೇಜ್-ಸೈಜ್ 16384 ಕೊಡಿ.

ಮರುಪ್ರಶ್ನೆ | ಅರೆಬರೆ_ಕೋಡು

ಓಡ್ತು, ಥ್ಯಾಂಕ್ಸ್. ಆದರೆ ಎಪಿಕೆ ದಪ್ಪ ಆಯ್ತು. ಬೇಕಾದವರಿಗಷ್ಟೇ ಕೋಡೆಕ್ (ವಿಡಿಯೊ ಎನ್‌ಕೋಡ್, ಡಿಕೋಡ್ ಮಾಡೋ ಭಾಗ) ಡೌನ್‌ಲೋಡ್ ಮಾಡಿಸೋಣ ಅಂದ್ಕೊಂಡಿದ್ದೆ. ಫೋನಿನಲ್ಲಿ ಲಿನಕ್ಸ್ ಟರ್ಮಿನಲ್ ಕೊಡೋ ಟರ್ಮಕ್ಸ್ ಆ್ಯಪ್ ಪ್ಯಾಕೇಜ್ ಇಳಿಸಿ ಓಡಿಸುತ್ತಲ್ಲ, ಅದು ಹೇಗೆ?

ಉತ್ತರ | ಕರ್ನಲ್_ಕಟ್ಟೆ

ಎಫ್-ಡ್ರಾಯ್ಡ್‌ನಲ್ಲಿ (ಓಪನ್ ಸೋರ್ಸ್ ಆ್ಯಪ್‌ಗಳ ಬೇರೆ ಸ್ಟೋರ್) ಸಿಗೋ ಟರ್ಮಕ್ಸ್ ಟಾರ್ಗೆಟ್ 28ರಲ್ಲೇ ಕೂತಿದೆ. ಪ್ಲೇ ಸ್ಟೋರ್ ಹೊರಗೆ ಹಂಚೋರಿಗೆ ಆ ದಾರಿ ಇನ್ನೂ ಇದೆ: ಆಂಡ್ರಾಯ್ಡ್ 14 ಇನ್‌ಸ್ಟಾಲ್‌ಗೆ ಬೇಡ ಅನ್ನೋದು ಟಾರ್ಗೆಟ್ 23ಕ್ಕಿಂತ ಕಡಿಮೆ ಇರೋದನ್ನು, ಆಂಡ್ರಾಯ್ಡ್ 15 ಅನ್ನೋದು 24ಕ್ಕಿಂತ ಕಡಿಮೆ ಇರೋದನ್ನು. ಪ್ಲೇ ಸ್ಟೋರಿನಲ್ಲಿ ಮಾತ್ರ 2025ರ ಆಗಸ್ಟ್ 31ರಿಂದ ಹೊಸ ಆ್ಯಪ್‌ಗೂ ಅಪ್‌ಡೇಟಿಗೂ ಟಾರ್ಗೆಟ್ 35 ಬೇಕು.

ಇನ್ನೊಂದು ಕಳ್ಳದಾರಿ: ಬೈನರಿಯನ್ನು ನೇರ ಓಡಿಸದೆ, ಪ್ರೋಗ್ರಾಂಗಳನ್ನು ಮೆಮೊರಿಗೆ ಲೋಡ್ ಮಾಡೋ ಸಿಸ್ಟಮ್ಮಿನ ಲಿಂಕರ್64ಗೆ ಅದರ ದಾರಿಯನ್ನು ಆರ್ಗ್ಯುಮೆಂಟ್ ಆಗಿ ಕೊಡೋದು. ನಿಯಮ ತಡೆಯೋದು ನೇರ ಎಕ್ಸೆಕ್ ಮಾತ್ರ. ಅದೇ ಫೋಲ್ಡರಿನಿಂದ ಲೈಬ್ರರಿ ಲೋಡ್ ಮಾಡೋಕೆ ಎಸ್‌ಇಲಿನಕ್ಸ್ ಅಡ್ಡ ಬರಲ್ಲ. ನನಗೆ ಕೇಳಿದರೆ ಇದು ಅರ್ಧ ಹಾಕಿದ ಬೀಗ. ಉಳಿದರ್ಧ ಪ್ಲೇ ನೀತಿಯಲ್ಲಿದೆ: ಡೆಕ್ಸ್, ಜಾರ್, ಎಸ್‌ಒ ಯಾವ ಕೋಡ್ ಫೈಲನ್ನೂ ಪ್ಲೇ ಹೊರಗಿನಿಂದ ಇಳಿಸಬಾರದು. ಹೀಗೆ ಓಡಿಸಿದರೆ ಪ್ರೋಗ್ರಾಂ ತನ್ನ ದಾರಿಯನ್ನು ಪ್ರಾಕ್/ಸೆಲ್ಫ್/ಎಕ್ಸ್‌ಇಯಿಂದ ಕೇಳಿದಾಗ ಲಿಂಕರ್ ಹೆಸರು ಬರುತ್ತೆ, ಅದನ್ನೇ ನಂಬಿದ ಪ್ರೋಗ್ರಾಂಗಳು ಎಡವಟ್ಟು ಮಾಡ್ತವೆ.

ನಿಮ್ಮ ಕೇಸಿಗೆ ಪ್ಲೇ ಫೀಚರ್ ಡೆಲಿವರಿಯಲ್ಲಿ ಕೋಡೆಕ್‌ಗಳನ್ನು ಬೇರೆ ಮಾಡ್ಯೂಲ್ ಮಾಡಿ, ಅದು ಸಹಿಯಾದ ಎಪಿಕೆ ತುಂಡಾಗಿಯೇ ಇಳಿಯುತ್ತೆ. ಅದಕ್ಕೂ ಮೊದಲು ಎಫ್‌ಎಫ್‌ಎಂಪೆಗ್ ಬಿಲ್ಡ್‌ನಲ್ಲಿ ಡಿಸೇಬಲ್-ಎವೆರಿಥಿಂಗ್ ಕೊಟ್ಟು ಬೇಕಾದ ಡಿಕೋಡರ್, ಮಕ್ಸರ್ ಅಷ್ಟೇ ಸೇರಿಸಿ ನೋಡಿ. ಎಷ್ಟೋ ಸಲ ಮಾಡ್ಯೂಲಿನ ಗೋಜೇ ಬೇಕಾಗಲ್ಲ.

ಉತ್ತರ | ಪೈಪು_ಕಟ್ಟಿತು

ಓಡೋಕೆ ಶುರುವಾದ ಮೇಲೆ ಬರೋ ಎರಡು ತೊಂದರೆ ಸೇರಿಸ್ತೀನಿ. ಎಫ್‌ಎಫ್‌ಎಂಪೆಗ್ ತನ್ನ ಲಾಗ್ ಪೂರ್ತಿ ಎಸ್‌ಟಿಡಿಎರ್‌ಗೆ (ಎರರ್ ಔಟ್‌ಪುಟ್) ಬರೆಯುತ್ತೆ. ಯಾರೂ ಓದದೆ ಹೋದರೆ 64 ಕೆಬಿ ಪೈಪ್ ತುಂಬಿ ಅಲ್ಲೇ ನಿಲ್ಲುತ್ತೆ, ಎರರ್ ಏನೂ ಬರಲ್ಲ. ರಿಡೈರೆಕ್ಟ್‌ಎರರ್‌ಸ್ಟ್ರೀಮ್ ಟ್ರೂ ಮಾಡಿ, ಬೇರೆ ಥ್ರೆಡ್‌ನಲ್ಲಿ ಓದ್ತಾ ಇರಿ, ಕಮಾಂಡಿಗೆ ನೋಎಸ್‌ಟಿಡಿಇನ್ ಸೇರಿಸಿ.

ಎರಡನೇದು, ಮಧ್ಯದಲ್ಲಿ ಸಿಗ್ನಲ್ 9 (ಬಲವಂತವಾಗಿ ಕೊಲ್ಲೋ ಸಂಕೇತ) ಬಂದು ಸತ್ತರೆ. ಆಂಡ್ರಾಯ್ಡ್ 12ರಿಂದ ಆ್ಯಪ್‌ಗಳು ಹುಟ್ಟಿಸಿದ ಚೈಲ್ಡ್ ಪ್ರೊಸೆಸ್‌ಗಳಿಗೆ ಇಡೀ ಫೋನಿಗೆ ಸೇರಿ 32ರ ಮಿತಿ. ಹಿನ್ನೆಲೆಯಲ್ಲಿ ಸಿಪಿಯು ಜಾಸ್ತಿ ತಿಂದರೂ ಕೊಲ್ಲುತ್ತೆ. ಆಂಡ್ರಾಯ್ಡ್ 14ರ ಡೆವಲಪರ್ ಆಪ್ಷನ್ಸ್‌ನಲ್ಲಿ ಇದನ್ನು ಆರಿಸೋ ಸ್ವಿಚ್ ಇದೆ, ಆದರೆ ಅದು ನಿಮ್ಮ ಟೆಸ್ಟ್ ಫೋನಿಗೆ ಮಾತ್ರ ಉಪಯೋಗ. ಬಳಕೆದಾರರ ಫೋನಿಗೆ ಫೋರ್‌ಗ್ರೌಂಡ್ ಸರ್ವಿಸ್ ಇಡಿ. ಆಂಡ್ರಾಯ್ಡ್ 15ರಲ್ಲಿ ಮೀಡಿಯಾಪ್ರೊಸೆಸಿಂಗ್ ಅನ್ನೋ ವಿಧ ಇದಕ್ಕೇ ಇದೆ, 24 ಗಂಟೆಗೆ ಒಟ್ಟು 6 ಗಂಟೆ ಸಿಗುತ್ತೆ. ಅವಧಿ ಮುಗಿದಾಗ ಆನ್‌ಟೈಮ್‌ಔಟ್ ಕರೆ ಬರುತ್ತೆ. ಕೆಲವೇ ಸೆಕೆಂಡಿನೊಳಗೆ ಸ್ಟಾಪ್‌ಸೆಲ್ಫ್ ಕರೆಯದಿದ್ದರೆ ಆ್ಯಪ್ ಕ್ರ್ಯಾಶ್.