‘ಮೀಸೆ ರೀವ’ ಎಂಬ ಹೆಸರಿನಲ್ಲಿ ‘ಮೀಸೆ’ ಏನನ್ನು ಸೂಚಿಸುತ್ತದೆ?

ಮಾನ್ಯರೇ,

ಇಂಗ್ಲಿಷಿನಲ್ಲಿ ವಿಸ್ಕರ್ಡ್ ಟರ್ನ್ ಎಂದು ಕರೆಯುವ ಹಕ್ಕಿಗೆ ಕನ್ನಡದ ಹಕ್ಕಿವೀಕ್ಷಕರು ‘ಮೀಸೆ ರೀವ’ ಎಂಬ ಹೆಸರನ್ನು ಬಳಸುತ್ತಾರೆ. ನಮ್ಮ ಕೆರೆಗಳಲ್ಲಿ ಕಾಣುವ ರೀವಗಳನ್ನು, ಅಂದರೆ ಟರ್ನ್ ಗುಂಪಿನ ನೀರುಹಕ್ಕಿಗಳನ್ನು, ಗುರುತಿಸಲು ಹೊಸಬರಿಗೆ ನೆರವಾಗುವ ಒಂದು ಟಿಪ್ಪಣಿಯನ್ನು ಸಿದ್ಧಪಡಿಸುತ್ತಿರುವ ನನಗೆ ಈ ಹೆಸರಿನ ಬಗ್ಗೆಯೂ, ಅದರೊಂದಿಗೆ ಬರುವ ಒಂದೆರಡು ವರ್ಣನೆಯ ಪದಗಳ ಬಗ್ಗೆಯೂ ಬಲ್ಲವರ ಅಭಿಪ್ರಾಯ ಬೇಕಾಗಿದೆ.

‘ಮೀಸೆ’ ಎಂದೊಡನೆ ಓದುಗರು ಕೊಕ್ಕಿನ ಬುಡದಲ್ಲಿ ಕಪ್ಪು ಗೆರೆಯನ್ನೋ ಕೂದಲಿನಂಥ ಗರಿಗಳನ್ನೋ ಹುಡುಕುತ್ತಾರೆ. ಈ ಹಕ್ಕಿಯಲ್ಲಿ ಅಂಥದ್ದೇನೂ ಇಲ್ಲ. ಮರಿ ಮಾಡುವ ಕಾಲದಲ್ಲಿ ಇದರ ನೆತ್ತಿ ಅಚ್ಚ ಕಪ್ಪಾಗಿ, ಎದೆ ಮತ್ತು ಹೊಟ್ಟೆ ಗಾಢ ಬೂದುಬಣ್ಣಕ್ಕೆ ತಿರುಗಿದಾಗ, ಇವೆರಡರ ನಡುವೆ ಕೆನ್ನೆಯ ಉದ್ದಕ್ಕೂ ಉಳಿಯುವ ಬಿಳಿಯ ಪಟ್ಟಿಯೇ ಇಲ್ಲಿನ ಮೀಸೆ. ಕೆನ್ನೆಯ ಗುರುತನ್ನು ಮೀಸೆಯೆಂದು ಕರೆಯುವುದು ಕನ್ನಡಕ್ಕೆ ಹೊಸದಲ್ಲ. ಕಣ್ಣಿನ ಹಿಂದೆ ಕೆಂಪು ಗುರುತಿರುವ ಪಿಕಳಾರವನ್ನು ನಾವು ‘ಕೆಮ್ಮೀಸೆ ಪಿಕಳಾರ’ ಎನ್ನುತ್ತೇವೆ, ಅದನ್ನು ಯಾರೂ ತಪ್ಪಾಗಿ ತಿಳಿಯುವುದಿಲ್ಲ. ಆ ಹೆಸರಿನಲ್ಲಿ ಬಣ್ಣವೂ ಸೇರಿರುವುದರಿಂದ ಏನನ್ನು ನೋಡಬೇಕೆಂಬುದು ಕೇಳಿದವರಿಗೆ ತಿಳಿದುಬಿಡುತ್ತದೆ. ಇದೇ ಜಾಡಿನಲ್ಲಿ ‘ಬಿಳಿಮೀಸೆ ರೀವ’ ಎನ್ನಬಹುದೆಂದು ನನಗೆ ತೋರುತ್ತದೆ. ‘ಬಿಳಿಗೆನ್ನೆ ರೀವ’ ಎಂಬ ಇನ್ನೊಂದು ಸಾಧ್ಯತೆಯೂ ಇದೆ. ಆದರೆ ಹೊಳೆ ರೀವಕ್ಕೂ (ರಿವರ್ ಟರ್ನ್) ಕರಿ ನೆತ್ತಿಯ ಕೆಳಗೆ ಕೆನ್ನೆ ಬಿಳಿಯೇ ಇರುವುದರಿಂದ ಆ ಹೆಸರಿನಿಂದ ಹಕ್ಕಿಯನ್ನು ಬೇರ್ಪಡಿಸಲಾಗದು.

ನಿಜವಾದ ತೊಡಕು ಇರುವುದು ಕಾಲದ ವಿಷಯದಲ್ಲಿ. ಈ ಹಕ್ಕಿ ಭಾರತದಲ್ಲಿ ಮರಿ ಮಾಡುವುದು ಕಾಶ್ಮೀರ ಮತ್ತು ಉತ್ತರದ ಬಯಲಿನ ಜೌಗು ನೆಲಗಳಲ್ಲಿ. ನಮ್ಮ ಕೆರೆಗಳಿಗೆ ಅದು ಚಳಿಗಾಲದ ಅತಿಥಿಯಾಗಿ ಬರುವಾಗ ಹೊಟ್ಟೆ ಬೆಳ್ಳಗಿರುತ್ತದೆ, ಕೊಕ್ಕು ಕಪ್ಪಾಗಿರುತ್ತದೆ, ಹಣೆ ಬಿಳಿಚಿಕೊಂಡು ಕಪ್ಪು ಬಣ್ಣವು ಕಣ್ಣಿನ ಹಿಂದಿನಿಂದ ಹಿಂದಲೆಯವರೆಗೆ ಮಾತ್ರ ಉಳಿದಿರುತ್ತದೆ. ಅಂದರೆ ಹೆಸರಿನಲ್ಲಿರುವ ಮೀಸೆ ಕಣ್ಣಿಗೆ ಬೀಳುವುದೇ ಇಲ್ಲ. ಬೇಸಿಗೆಯಲ್ಲಿ ಹಿಂತಿರುಗುವ ಮುನ್ನ ಗರಿ ಬದಲಿಸಿದ ಕೆಲವು ಹಕ್ಕಿಗಳಲ್ಲಿ ಮಾತ್ರ ಅದನ್ನು ಕಾಣಬಹುದು. ಬ್ಲ್ಯಾಕ್ ಬೆಲ್ಲೀಡ್ ಟರ್ನ್ ಅನ್ನು ‘ಕರಿಹೊಟ್ಟೆ ರೀವ’ ಎಂದು ಕರೆದರೂ ಇದೇ ತೊಡಕು ಎದುರಾಗುತ್ತದೆ: ಚಳಿಗಾಲದಲ್ಲಿ ಅದರ ಹೊಟ್ಟೆ ಬಿಳಿ, ಬೇಸಿಗೆಯಲ್ಲಾದರೋ ಮೀಸೆ ರೀವದ ಹೊಟ್ಟೆಯೂ ಕಪ್ಪಿನ ಹತ್ತಿರದ ಬಣ್ಣ. ಕರಿಹೊಟ್ಟೆ ರೀವದ ವೈಜ್ಞಾನಿಕ ಹೆಸರಾದ ಸ್ಟರ್ನಾ ಅಕ್ಯುಟಿಕಾಡಾ ಹೊಟ್ಟೆಯನ್ನು ಬಿಟ್ಟು ಚೂಪಾದ ಬಾಲವನ್ನು ಹಿಡಿದಿರುವುದು ಈ ದೃಷ್ಟಿಯಿಂದ ಮೆಚ್ಚತಕ್ಕದ್ದು, ಏಕೆಂದರೆ ಹೊಟ್ಟೆಯ ಬಣ್ಣ ಹೋದ ಮೇಲೂ ಬಾಲದ ಆಕಾರ ಉಳಿಯುತ್ತದೆ.

ಬಾಲದ ವರ್ಣನೆಯಲ್ಲಿಯೂ ಎರಡು ಪದಗಳು ಬೇಕಾಗುತ್ತವೆ. ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿಯೂ ರಂಗನತಿಟ್ಟಿನ ಬಂಡೆಗಳ ಮೇಲೆಯೂ ಮರಿ ಮಾಡುವ ಹೊಳೆ ರೀವ ಸುಮಾರು 40 ಸೆಂಟಿಮೀಟರ್ ಉದ್ದದ ಹಕ್ಕಿ. ಅದರ ಕೊಕ್ಕು ಹಳದಿ, ಬಾಲ ಆಳವಾಗಿ ಸೀಳಿದೆ. ಮೀಸೆ ರೀವ ಸುಮಾರು 25 ಸೆಂಟಿಮೀಟರ್ ಇದ್ದು, ಅದರ ಬಾಲದ ತುದಿ ನಡುವೆ ಸ್ವಲ್ಪವೇ ಒಳಸರಿದಿರುತ್ತದೆ. ಎರಡಕ್ಕೂ ‘ಕವಲುಬಾಲ’ ಎಂದೇ ಬರೆದರೆ ಓದುಗರಿಗೆ ಉಪಯೋಗವಾಗದು. ಮೊದಲನೆಯದಕ್ಕೆ ‘ಕವಲು’, ಎರಡನೆಯದಕ್ಕೆ ‘ಕಚ್ಚು’ ಎಂದು ಬಳಸಬಹುದೇ? ಮರಕ್ಕೆ ಕತ್ತಿಯಿಂದ ಕಚ್ಚು ಹಾಕಿದ್ದನ್ನು ಕಂಡವರಿಗೆ ಆ ಅಳತೆ ಥಟ್ಟನೆ ಹೊಳೆಯುತ್ತದೆ.

ಇನ್ನು ಕ್ರಿಯಾಪದಗಳು. ದೂರದಿಂದ ನೋಡುವಾಗ ಬಣ್ಣಕ್ಕಿಂತ ಹಕ್ಕಿಯ ನಡೆ ಮೊದಲು ತಿಳಿಯುವುದರಿಂದ ಇದು ನನಗೆ ಎಲ್ಲಕ್ಕಿಂತ ಮುಖ್ಯವಾಗಿದೆ. ಹೊಳೆ ರೀವ ಮೇಲಿನಿಂದ ನೇರವಾಗಿ ನೀರಿಗೆ ಬಿದ್ದು ಮೀನು ಹಿಡಿಯುತ್ತದೆ. ಅದಕ್ಕೆ ‘ಧುಮುಕು’ ಸರಿಹೊಂದುತ್ತದೆ. ಮೀಸೆ ರೀವವಾದರೋ ಕೊಕ್ಕನ್ನು ಕೆಳಗೆ ಬಾಗಿಸಿಕೊಂಡು, ನೀರಿನಿಂದ ಸ್ವಲ್ಪವೇ ಎತ್ತರದಲ್ಲಿ ಕೆರೆಯ ಏರಿಯ ತನಕ ನಿಧಾನವಾಗಿ ಹಾರಿ, ತಿರುಗಿ, ಅದೇ ದಾರಿಯಲ್ಲಿ ಮರಳಿ ಬರುತ್ತ, ನಡುನಡುವೆ ತಟ್ಟನೆ ಇಳಿದು ನೀರಿನ ಮೇಲ್ಮೈಯಿಂದ ಹುಳುವನ್ನೋ ಸಣ್ಣ ಮೀನನ್ನೋ ಕೊಕ್ಕಿನ ತುದಿಯಿಂದ ಎತ್ತಿಕೊಳ್ಳುತ್ತದೆ. ಮೈ ಸಾಮಾನ್ಯವಾಗಿ ನೀರಿಗೆ ಮುಳುಗುವುದಿಲ್ಲ. ಇದನ್ನು ‘ಎರಗುತ್ತದೆ’ ಎಂದು ಬರೆದಿರುವುದನ್ನು ಕಂಡಿದ್ದೇನೆ. ಆ ಪದ ಗಿಡುಗಕ್ಕೆ ಒಪ್ಪುತ್ತದೆಯೇ ಹೊರತು ಇದಕ್ಕಲ್ಲ. ‘ಹೆಕ್ಕುತ್ತದೆ’ ಎನ್ನುವುದು ಹೆಚ್ಚು ಹತ್ತಿರವೆಂದು ನನ್ನ ಭಾವನೆ. ದಪ್ಪ ಕರಿಕೊಕ್ಕಿನ ಗಲ್ ಬಿಲ್ಡ್ ಟರ್ನ್ ಕೂಡ ಹೀಗೆಯೇ ಹೆಕ್ಕುತ್ತದೆ ಎಂಬ ಆಕ್ಷೇಪ ಬರಬಹುದು. ಅದು ಗಾತ್ರದಲ್ಲಿ ಬಹಳ ದೊಡ್ಡದು, ಕೆಸರಿನಿಂದಲೂ ಹೊಲದ ಮೇಲಿನ ಗಾಳಿಯಿಂದಲೂ ಬೇಟೆ ಹಿಡಿಯುವಂಥದ್ದು, ಆದ್ದರಿಂದ ‘ನೀರಿನ ಮೇಲಿಂದ ಹೆಕ್ಕುತ್ತದೆ’ ಎಂದು ಪೂರ್ತಿಯಾಗಿ ಬರೆದರೆ ಗೊಂದಲ ಕಡಿಮೆಯಾದೀತು.

‘ಹೆಕ್ಕು’ ಎಂಬುದು ನೆಲದ ಮೇಲೆ ಬಿದ್ದ ಕಾಳನ್ನು ಆರಿಸುವುದಕ್ಕೆ ಮಾತ್ರ ಸಲ್ಲುತ್ತದೆಯೇ, ಹಾರುತ್ತಲೇ ಎತ್ತಿಕೊಳ್ಳುವುದಕ್ಕೂ ಅದನ್ನು ಹಿಗ್ಗಿಸಬಹುದೇ? ಕೆರೆಯಂಚಿನ ಊರುಗಳವರು, ಅದರಲ್ಲೂ ಮೀನು ಹಿಡಿಯುವ ಮನೆತನದವರು, ಈ ಚಲನೆಗೆ ಬೇರೆ ಮಾತನ್ನು ಬಳಸುತ್ತಿದ್ದರೆ ದಯವಿಟ್ಟು ಯಾವ ಸೀಮೆಯ ಬಳಕೆ ಎಂಬುದರೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.