ಊರಲ್ಲಿ ಹಿರಿಯರೇ ಜಾಸ್ತಿ, ಮುಂದಿನ ಹತ್ತು ವರ್ಷಕ್ಕೆ ಏನು ತಯಾರಿ?

ಪ್ರಶ್ನೆ: ನಾನು ಕೊಡಗಿನ ಪೊನ್ನಂಪೇಟೆ ಕಡೆಯವಳು. ನಮ್ಮ ರಸ್ತೆಯ ಒಂಬತ್ತು ಮನೆಗಳಲ್ಲಿ ಐದರಲ್ಲಿ ಎಪ್ಪತ್ತು ದಾಟಿದವರಷ್ಟೇ ಇದ್ದಾರೆ. ಮಕ್ಕಳು ಬೆಂಗಳೂರು, ಮೈಸೂರು ಸೇರಿದ್ದಾರೆ. ಪಕ್ಕದ ಮನೆ ಅಜ್ಜಿಗೆ ಅಕ್ಷರ ಕಾಣಲ್ಲ. ಮಾತ್ರೆ ಕವರ್ ಮೇಲೆ ಬೆಳಗ್ಗೆಗೆ ಸೂರ್ಯ, ರಾತ್ರಿಗೆ ಚಂದ್ರ ಬರೆದುಕೊಡುತ್ತೇನೆ. ಅತ್ತ ಕಾಫಿ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೆಲಸದವರ ಸಾಲು ಮನೆಗಳಲ್ಲಿ, ಅಸ್ಸಾಂನಿಂದ ಬಂದವರ ಪುಟ್ಟ ಮಕ್ಕಳು. 2001ರಲ್ಲಿ ಕೊಡಗಿನ ಜನಸಂಖ್ಯೆ 5,48,561. 2011ರಲ್ಲಿ 5,54,519. ಒಟ್ಟು ಲೆಕ್ಕ ಹೆಚ್ಚೇನೂ ಬದಲಾಗಿಲ್ಲ, ಮನೆಯೊಳಗಿನ ಲೆಕ್ಕ ಬದಲಾಗಿದೆ ಅಲ್ವಾ? ಪಂಚಾಯ್ತಿ, ತೋಟದವರು, ಸಂಘಗಳು ಎಲ್ಲಿಂದ ಶುರು ಮಾಡಬೇಕು?

ಉತ್ತರ 1: ಅಕ್ಕ, ನಾನು ಅಂಗನವಾಡಿ ಕಾರ್ಯಕರ್ತೆ. ಕಾಫಿ ಕೊಯ್ಲು ಶುರುವಾದರೆ ಮಕ್ಕಳು ಜಾಸ್ತಿ, ಮುಗಿದರೆ ಅರ್ಧ ಖಾಲಿ. ವರ್ಷಕ್ಕೊಮ್ಮೆ ಎಣಿಸಿದರೆ ಸಾಲದು. ಜನವರಿಯಲ್ಲೊಮ್ಮೆ, ಜುಲೈಯಲ್ಲೊಮ್ಮೆ ಎಣಿಸಿ, ಆ ಲೆಕ್ಕವನ್ನು ಗ್ರಾಮ ಸಭೆಯಲ್ಲಿ ಓದಿ. ಪಂಚಾಯ್ತಿಯ ವಾರ್ಷಿಕ ಯೋಜನೆಗೆ ಅದೇ ಬುಡ.

ಉತ್ತರ 2: ನಮ್ಮದು ಸಣ್ಣ ತೋಟ. ಕೆಲಸದವರು ಎರಡು ತಿಂಗಳಿಗೆ ಬೇಕು, ಶೌಚಾಲಯ ಮಾತ್ರ ಬೇಡ ಅಂದರೆ ಹೇಗೆ? ನಾಲ್ಕೈದು ತೋಟದವರು ಸೇರಿದರೆ ಒಂದು ಮಕ್ಕಳ ಕೋಣೆ ನಡೆಸಬಹುದು. ಬೇರೆ ರಾಜ್ಯದ ರೇಷನ್ ಕಾರ್ಡಿಗೂ ಇಲ್ಲಿ ಅಕ್ಕಿ ಸಿಗುತ್ತೆ, ಅದನ್ನು ಅವರಿಗೆ ಅವರ ಭಾಷೆಯಲ್ಲೇ ಹೇಳಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರ. ಭಾನುವಾರದಿಂದ ನಮ್ಮ ಮಹಿಳಾ ಸಂಘದವರು ಮನೆ ಮನೆ ಎಣಿಸುತ್ತೇವೆ. ಮಳೆಗಾಲದಲ್ಲಿ ಕರೆಂಟು ಹೋದಾಗ ಯಾರ ಮನೆಗೆ ಯಾರು ಹೋಗಬೇಕು ಅಂತಲೂ ಬರೆದಿಡುತ್ತೇವೆ. ಹಿರಿಯರ ಸಹಾಯವಾಣಿ 14567ನ್ನು ಅಜ್ಜಿಯ ಗೋಡೆ ಮೇಲೆ ದೊಡ್ಡದಾಗಿ ಬರೆದಿದ್ದೇನೆ.